ಐಇಎಲ್‌ಟಿಎಸ್ ರೀಡಿಂಗ್: ಹೊಂದಿಸುವ ಪ್ರಶ್ನೆಗಳಲ್ಲಿ ಅಂಕ ಎಲ್ಲಿ ಸೋರುತ್ತದೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎಸ್ಸಿ. ನರ್ಸಿಂಗ್. ಈಗ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಇಂಗ್ಲೆಂಡಿಗೆ ಹೋಗಲು ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದೆ. ರೀಡಿಂಗ್‌ನಲ್ಲಿ ಬ್ಯಾಂಡ್ (ಶ್ರೇಣಿ) 7 ಬೇಕಿತ್ತು, 6 ಬಂತು. ಮನೆಯಲ್ಲಿ ಅಭ್ಯಾಸ ಮಾಡುವಾಗ 40ಕ್ಕೆ 25ರ ಆಸುಪಾಸು ಬರುತ್ತದೆ. ಬಿಟ್ಟ ಸ್ಥಳ ತುಂಬುವುದು, ಟ್ರೂ–ಫಾಲ್ಸ್–ನಾಟ್ ಗಿವನ್ (ಸರಿ, ತಪ್ಪು, ಪಠ್ಯದಲ್ಲಿ ಹೇಳಿಲ್ಲ) ಇವುಗಳಲ್ಲಿ 28ಕ್ಕೆ 21 ಸಿಗುತ್ತದೆ. ಹೊಂದಿಸುವ ಪ್ರಶ್ನೆಗಳಲ್ಲಿ ಮಾತ್ರ 12ಕ್ಕೆ 4 ದಾಟುವುದಿಲ್ಲ. ಪ್ಯಾರಾಗಳಿಗೆ ಹೆಡಿಂಗ್ ಕೊಡುವುದು, ಯಾವ ಪ್ಯಾರಾದಲ್ಲಿ ಈ ಮಾಹಿತಿ ಇದೆ ಎಂದು ಹೇಳುವುದು ಎರಡೂ ತಲೆಗೆ ಹತ್ತುತ್ತಿಲ್ಲ. ಪ್ಯಾರಾದ ಮೊದಲ ಸಾಲು, ಕೊನೆಯ ಸಾಲು ಓದಿದರೆ ಸಾಕು ಎಂದು ಕೋಚಿಂಗ್‌ನಲ್ಲಿ ಹೇಳಿದರು. ಹೊಂದಿಸುವುದನ್ನು ಬಿಟ್ಟು ಉಳಿದದ್ದನ್ನು ಗಟ್ಟಿ ಮಾಡಿಕೋ ಎಂದು ಸ್ನೇಹಿತೆ ಹೇಳುತ್ತಾಳೆ. ಇನ್ನೊಬ್ಬರು ಮೂರು ಸಾವಿರ ಪದಗಳ ಪಟ್ಟಿ ಬಾಯಿಪಾಠ ಮಾಡಲು ಕೊಟ್ಟಿದ್ದಾರೆ. ಎರಡು ತಿಂಗಳು ಸಮಯವಿದೆ. ಶಿಫ್ಟ್ ಡ್ಯೂಟಿ, ಊರಿಗೆ ಹೋದರೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹೇಗೆ ತಯಾರಾಗಲಿ? ಬದಲಿಗೆ ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ಬರೆಯುವುದು ಒಳ್ಳೆಯದೇ?

ಉತ್ತರ: ನೀವು ಕೊಟ್ಟಿರುವ ಲೆಕ್ಕದಲ್ಲೇ ಅರ್ಧ ಉತ್ತರವಿದೆ. ಅಕಾಡೆಮಿಕ್ ರೀಡಿಂಗ್‌ನಲ್ಲಿ ಸುಮಾರು 23 ಸರಿಯಾದರೆ ಬ್ಯಾಂಡ್ 6, ಸುಮಾರು 30 ಸರಿಯಾದರೆ 7. ಪತ್ರಿಕೆಯ ಕಷ್ಟಕ್ಕೆ ತಕ್ಕಂತೆ ಒಂದೆರಡು ಅಂಕ ಆಚೀಚೆ ಆಗಬಹುದು. ಹೊಂದಿಸುವ 12 ಪ್ರಶ್ನೆಗಳನ್ನು ಪೂರ್ತಿ ಬಿಟ್ಟರೆ, ಉಳಿದ 28ನ್ನು ಒಂದೂ ತಪ್ಪಿಲ್ಲದೆ ಮಾಡಿದರೂ 30 ಮುಟ್ಟುವುದಿಲ್ಲ. ಅದೇ ಉಳಿದದ್ದು ಈಗಿನಂತೆ 21ರಲ್ಲೇ ನಿಂತು, ಇಲ್ಲಿಯ 4 ಅಂಕ 9 ಆದರೆ ನಿಮ್ಮ ಕೆಲಸ ಆಯಿತು. ಹಾಗಾಗಿ ಸ್ನೇಹಿತೆಯ ಸಲಹೆಯನ್ನು ಮೊದಲು ಬದಿಗಿಡಿ. ನೀವು ಗಳಿಸಬೇಕಾದ ಐದು ಅಂಕ ಇರುವುದೇ ಅವರು ಬಿಡು ಎನ್ನುತ್ತಿರುವ ಜಾಗದಲ್ಲಿ.

21 ಬರುತ್ತಿದೆ ಎಂದರೆ ನಿಮ್ಮ ಇಂಗ್ಲಿಷ್ ಸಾಲದು ಎಂದಲ್ಲ. ಬಿಟ್ಟ ಸ್ಥಳ ತುಂಬುವಾಗ ಒಂದು ಸಾಲು ಹುಡುಕಿ, ಆ ಸಾಲಿನ ಅರ್ಥ ಹಿಡಿದರೆ ಸಾಕು. ಆ ಪ್ರಶ್ನೆಗಳು ಸಾಮಾನ್ಯವಾಗಿ ಪಠ್ಯದ ಕ್ರಮದಲ್ಲೇ ಬರುತ್ತವೆ. ಹೊಂದಿಸುವ ಪ್ರಶ್ನೆ ಬೇರೆಯದನ್ನು ಕೇಳುತ್ತದೆ: ಈ ಪ್ಯಾರಾ ಇಲ್ಲಿ ಯಾಕಿದೆ, ಲೇಖಕರು ಇದರಿಂದ ಏನು ಸಾಧಿಸುತ್ತಿದ್ದಾರೆ ಎಂಬುದನ್ನು. ನೀವು ಸಾಲು ಹುಡುಕುವ ಕೌಶಲವನ್ನೇ ಇಲ್ಲಿಗೂ ತಂದಿದ್ದೀರಿ. ಅಂಕ ಸೋರುತ್ತಿರುವುದು ಅಲ್ಲಿ.

ಶಾಲೆಯ ಅಭ್ಯಾಸವೂ ಇದಕ್ಕೆ ಸೇರಿಕೊಳ್ಳುತ್ತದೆ. ನಮ್ಮ ಪರೀಕ್ಷೆಗಳ ‘ಹೊಂದಿಸಿ ಬರೆಯಿರಿ’ಯಲ್ಲಿ ಉತ್ತರ ನೆನಪಿನಿಂದ ಬರುತ್ತದೆ. ಅ ಪಟ್ಟಿಯ ಒಂದಕ್ಕೆ ಬ ಪಟ್ಟಿಯಲ್ಲಿ ಒಂದೇ ಜೋಡಿ. ಗೊತ್ತಿರುವ ನಾಲ್ಕನ್ನು ಸೇರಿಸಿದರೆ ಐದನೆಯದು ತಾನೇ ಬೀಳುತ್ತದೆ. ಐಇಎಲ್‌ಟಿಎಸ್‌ನಲ್ಲಿ ಈ ಮೂರೂ ಇಲ್ಲ. ಉತ್ತರ ಮುಂದಿರುವ ಪಠ್ಯದಿಂದಲೇ ಬರಬೇಕು. ಹೆಡಿಂಗ್‌ಗಳು ಪ್ಯಾರಾಗಳಿಗಿಂತ ಹೆಚ್ಚಿರುತ್ತವೆ, ಕೆಲವು ಬಳಕೆಯಾಗದೇ ಉಳಿಯುತ್ತವೆ. ಕೆಲವು ಬಗೆಗಳಲ್ಲಿ ಒಂದೇ ಅಕ್ಷರ ಎರಡು ಸಲವೂ ಉತ್ತರವಾಗಬಹುದು. ‘ಉಳಿದದ್ದು ಇದೊಂದೇ, ಹಾಗಾದರೆ ಇದೇ’ ಎಂದು ಮುಗಿಸುವವರು ಒಂದು ತಪ್ಪಿನಿಂದ ಎರಡು ಅಂಕ ಕಳೆದುಕೊಳ್ಳುತ್ತಾರೆ: ಎ ಪ್ಯಾರಾಕ್ಕೆ ತಪ್ಪಾಗಿ ಕೊಟ್ಟ ಹೆಡಿಂಗ್ ನಿಜವಾಗಿ ಡಿಯದ್ದಾಗಿರುತ್ತದೆ, ಡಿಗೆ ಬಂದಾಗ ಅದು ಆಗಲೇ ಖರ್ಚಾಗಿರುತ್ತದೆ.

ಇನ್ನೊಂದು ಕಾರಣವನ್ನು ಕನ್ನಡ ಮಾಧ್ಯಮದಿಂದ ಬಂದವರು ವಿಶೇಷವಾಗಿ ಗಮನಿಸಬೇಕು. ಕನ್ನಡದ ವಾಕ್ಯದಲ್ಲಿ ಮುಖ್ಯ ಮಾತು ಕೊನೆಗೆ ಬರುತ್ತದೆ. ‘ರೈತರು ಅಳವಡಿಸಿಕೊಳ್ಳಲು ತಡಮಾಡಿದರೂ ವಿಧಾನ ಫಲ ಕೊಟ್ಟಿತು’ ಎನ್ನುತ್ತೇವೆ. ತೂಕವಿರುವುದು ‘ಫಲ ಕೊಟ್ಟಿತು’ ಎಂಬುದರ ಮೇಲೆ. ಇಂಗ್ಲಿಷ್ ಇದನ್ನೇ ತಿರುಗಿಸಿ ‘ದ ಮೆಥಡ್ ವರ್ಕ್ಡ್, ಆಲ್ದೋ ಫಾರ್ಮರ್ಸ್ ವರ್ ಸ್ಲೋ ಟು ಅಡಾಪ್ಟ್ ಇಟ್’ ಎಂದೂ ಬರೆಯಬಲ್ಲದು. ಕೊನೆಯಲ್ಲಿ ಬಂದದ್ದೇ ಮುಖ್ಯ ಎಂದು ಓದಿ ರೂಢಿಯಾದವರ ಮನಸ್ಸಿನಲ್ಲಿ ‘ರೈತರ ವಿರೋಧ’ ಉಳಿದುಬಿಡುತ್ತದೆ. ಹೆಡಿಂಗ್ ಪಟ್ಟಿಯಲ್ಲಿ ‘ರೈತರ ವಿರೋಧ’ ಎಂಬುದೂ ಇದ್ದರೆ ಕೈ ಅಲ್ಲಿಗೇ ಹೋಗುತ್ತದೆ. ಆಲ್ದೋ, ಡಿಸ್ಪೈಟ್, ವೈಲ್, ಈವನ್ ಇಫ್ ಕಂಡಾಗಲೆಲ್ಲ ಒಂದು ಕ್ಷಣ ನಿಂತು, ಅದು ಅಂಟಿಕೊಂಡಿರುವ ತುಂಡನ್ನು ಬದಿಗೆ ಸರಿಸಿ, ಉಳಿದ ತುಂಡನ್ನು ಮುಖ್ಯ ಮಾತೆಂದು ಹಿಡಿಯಿರಿ.

ಮೊದಲ ಸಾಲು, ಕೊನೆಯ ಸಾಲು ಎಂಬ ಸಲಹೆ ಕೆಲವು ಪ್ಯಾರಾಗಳಲ್ಲಿ ಸರಿಹೋಗುತ್ತದೆ; ಅದಕ್ಕೇ ಇಷ್ಟು ವರ್ಷ ಉಳಿದುಕೊಂಡಿದೆ. ಆದರೆ ಅಕಾಡೆಮಿಕ್ ಪಠ್ಯದ ಮೊದಲ ಸಾಲು ಎಷ್ಟೋ ಸಲ ಹಿಂದಿನ ಪ್ಯಾರಾದ ಬಾಲ ಹಿಡಿದುಕೊಂಡು ಬಂದಿರುತ್ತದೆ, ಕೊನೆಯ ಸಾಲು ಮುಂದಿನದಕ್ಕೆ ಕೈ ಚಾಚಿರುತ್ತದೆ. ತಿರುವು ಇರುವುದು ನಡುವೆ, ಹವೆವರ್ ಅಥವಾ ಯೆಟ್ ಬಂದ ಕಡೆ. ಕೆಳಗಿನ ಪ್ಯಾರಾ ನೋಡಿ. ವಿಧಾನ ತಿಳಿಯಲೆಂದು ಕನ್ನಡದಲ್ಲೇ, ನಿಮ್ಮ ಕಡೆಯ ವಿಷಯವನ್ನೇ ಇಟ್ಟುಕೊಂಡು ಬರೆದಿದ್ದೇನೆ.

> ಮಲೆನಾಡಿನ ಅಡಿಕೆ ತೋಟಗಳಿಗೆ ಕೊಳೆರೋಗ ಹೊಸದಲ್ಲ. ಹಿಂದೆ ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿದರು. ಬೋರ್ಡೋ ದ್ರಾವಣ ಬಳಕೆಗೆ ಬಂತು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಪ್ರಮಾಣ ಇಂದು ಎಲ್ಲರಿಗೂ ಗೊತ್ತು. ಆದರೂ ರೋಗ ಬಿಟ್ಟುಹೋಗಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಸಿಂಪಡಿಸಬೇಕು. ಮಳೆ ಹೊಳವು (ಬಿಡುವು) ಕೊಡದ ವರ್ಷ ಎರಡನೆಯದು ತಡವಾಗುತ್ತದೆ. ಹೊಳವಾದ ದಿನ ಮರ ಹತ್ತಿ ಔಷಧಿ ಹೊಡೆಯುವವರು ಸಿಗುವುದಿಲ್ಲ.

ಇದಕ್ಕೆ ನಾಲ್ಕು ಹೆಡಿಂಗ್ ಇವೆ ಎಂದುಕೊಳ್ಳಿ: 1. ಬೋರ್ಡೋ ದ್ರಾವಣ ತಯಾರಿಸುವ ಕ್ರಮ. 2. ಹಳೆಯ ಪದ್ಧತಿಯೇ ಮೇಲು. 3. ಪರಿಹಾರ ಗೊತ್ತಿದ್ದರೂ ಸಮಯ ಕೈಕೊಡುವುದು. 4. ತೋಟದ ಕೆಲಸಕ್ಕೆ ಜನರ ಕೊರತೆ.

ಮೊದಲ ಸಾಲನ್ನಷ್ಟೇ ಓದಿದವರು ‘ರೋಗದ ಇತಿಹಾಸ’ ಎಂಬ ನಿರೀಕ್ಷೆ ಇಟ್ಟುಕೊಂಡು ಎರಡನೆಯದರ ಹತ್ತಿರ ಹೋಗುತ್ತಾರೆ. ಕೊನೆಯ ಸಾಲನ್ನಷ್ಟೇ ಓದಿದವರು ನಾಲ್ಕನೆಯದನ್ನು ಹಿಡಿಯುತ್ತಾರೆ. ಪದ ಹುಡುಕುವವರಿಗೆ ಮೊದಲನೆಯದರಲ್ಲಿ ‘ಬೋರ್ಡೋ ದ್ರಾವಣ’ ಸಿಕ್ಕಿಬಿಡುತ್ತದೆ, ಪ್ರಮಾಣವೂ ಪ್ಯಾರಾದಲ್ಲಿದೆ. ಸರಿಯುತ್ತರ ಮೂರನೆಯದು. ‘ಆದರೂ ರೋಗ ಬಿಟ್ಟುಹೋಗಿಲ್ಲ’ ಎಂಬಲ್ಲಿ ಪ್ಯಾರಾ ತಿರುಗಿದೆ. ಅದಕ್ಕೆ ಮೊದಲಿನದೆಲ್ಲ ಪೀಠಿಕೆ, ನಂತರದ್ದೆಲ್ಲ ಕಾರಣ.

ತಪ್ಪು ಹೆಡಿಂಗ್‌ಗಳು ಮೂರು ಜಾತಿಯವು ಎಂಬುದನ್ನೂ ಇಲ್ಲೇ ನೋಡಿಕೊಳ್ಳಿ. ಮೊದಲನೆಯದು ಅದೇ ಪದವನ್ನು ತೋರಿಸಿ ಕರೆಯುತ್ತದೆ, ಆದರೆ ತಯಾರಿಸುವ ಕ್ರಮವನ್ನು ಪ್ಯಾರಾ ಹೇಳಿಲ್ಲ. ನಾಲ್ಕನೆಯದು ನಿಜ, ಆದರೆ ಚಿಕ್ಕದು. ಕೊನೆಯ ವಾಕ್ಯವೊಂದಕ್ಕೆ ಮಾತ್ರ ಹೊಂದುತ್ತದೆ. ಎರಡನೆಯದು ಪ್ಯಾರಾ ಹೇಳಿದ್ದಕ್ಕಿಂತ ಹೆಚ್ಚು ಹೇಳುತ್ತದೆ, ಏಕೆಂದರೆ ಹಳೆಯದನ್ನೂ ಹೊಸದನ್ನೂ ಲೇಖಕರು ತೂಗಿಯೇ ಇಲ್ಲ. ಮುಂದೆ ನೀವು ತಪ್ಪು ಮಾಡಿದ ಪ್ರತಿ ಹೆಡಿಂಗ್ ಈ ಮೂರರಲ್ಲಿ ಯಾವ ಜಾತಿ ಎಂದು ಗುರುತು ಹಾಕಿ. ಹೆಚ್ಚಿನವರದು ಎರಡು ವಾರದಲ್ಲಿ ಒಂದೇ ಜಾತಿಯ ಕಡೆ ವಾಲುವುದು ಕಾಣುತ್ತದೆ. ಅದು ತಿಳಿದ ಮೇಲೆ ಪರೀಕ್ಷೆಯಲ್ಲಿ ಯಾವುದನ್ನು ಅನುಮಾನಿಸಬೇಕು ಎಂಬುದು ಗೊತ್ತಿರುತ್ತದೆ.

ಹೆಡಿಂಗ್ ಪ್ರಶ್ನೆ ಮಾಡುವ ಕ್ರಮ ಹೀಗಿರಲಿ. ಪಟ್ಟಿಯನ್ನು ಒಮ್ಮೆ ಓದಿ, ಅರ್ಧ ನಿಮಿಷ ಸಾಕು. ಬಾಯಿಪಾಠ ಬೇಡ. ವಿಷಯದ ಪದಗಳಿಗಿಂತ ಸಂಬಂಧ ಹೇಳುವ ಪದಗಳ ಕೆಳಗೆ ಗೆರೆ ಎಳೆಯಿರಿ: ಕಾಸ್, ಡ್ರಾಬ್ಯಾಕ್, ಒರಿಜಿನ್, ಶಿಫ್ಟ್, ಡೌಟ್, ಕಂಪ್ಯಾರಿಸನ್. ಹಕ್ಕಿಗಳ ಬಗ್ಗೆ ಬರೆದ ಲೇಖನದಲ್ಲಿ ‘ಬರ್ಡ್ಸ್’ ಎಂಬ ಪದ ಎಲ್ಲ ಹೆಡಿಂಗ್‌ಗಳಲ್ಲೂ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಆಮೇಲೆ ಪಟ್ಟಿಯನ್ನು ಕೈಯಿಂದ ಮುಚ್ಚಿ ಮೊದಲ ಪ್ಯಾರಾವನ್ನು ಪೂರ್ತಿ ಓದಿ. ಅಂಚಿನಲ್ಲಿ ನಾಲ್ಕೈದು ಪದಗಳಲ್ಲಿ ಸಾರ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್‌ನಲ್ಲಿ ಬರೆಯಲು ಹೋದರೆ ಪ್ಯಾರಾದ ಪದವನ್ನೇ ನಕಲು ಮಾಡುತ್ತೀರಿ, ಕನ್ನಡದಲ್ಲಾದರೆ ಅರ್ಥ ಹಿಡಿಯದೆ ಬರೆಯಲಾಗುವುದಿಲ್ಲ. ನಂತರ ಕೈ ತೆಗೆದು ನಿಮ್ಮ ಸಾಲಿಗೆ ಹತ್ತಿರದ ಹೆಡಿಂಗ್ ಹುಡುಕಿ. ಎರಡು ಹತ್ತಿರ ಕಂಡರೆ ಎರಡನ್ನೂ ಬರೆದು ಮುಂದಕ್ಕೆ ಹೋಗಿ, ಅಲ್ಲೇ ಕೂತು ಗುದ್ದಾಡಬೇಡಿ. ಮುಂದಿನ ಪ್ಯಾರಾ ಒಂದನ್ನು ಕಿತ್ತುಕೊಂಡರೆ ಗಂಟು ತಾನೇ ಬಿಚ್ಚುತ್ತದೆ. ಕೊನೆಯಲ್ಲಿ ಯಾವುದನ್ನಾದರೂ ಬದಲಾಯಿಸಿದರೆ, ಬದಲಾಯಿಸಿದ ಹೆಡಿಂಗ್ ಹಿಂದೆ ಯಾರ ಬಳಿ ಇತ್ತೋ ಆ ಪ್ಯಾರಾವನ್ನೂ ತಪ್ಪದೆ ಮತ್ತೆ ನೋಡಿ.

ಏಳು ಪ್ಯಾರಾದ ಪಠ್ಯಕ್ಕೆ ಇದೆಲ್ಲ ಸೇರಿ 9–10 ನಿಮಿಷ ಹಿಡಿಯುತ್ತದೆ. ಹೆಚ್ಚಾಯಿತು ಅನಿಸಬಹುದು. ಆದರೆ ಅಷ್ಟರಲ್ಲಿ ಇಡೀ ಪಠ್ಯ ಓದಿ ಆಗಿರುತ್ತದೆ, ಅಂಚಿನಲ್ಲಿ ನಕ್ಷೆಯೂ ಇರುತ್ತದೆ, ಅದೇ ಪಠ್ಯದ ಉಳಿದ ಪ್ರಶ್ನೆಗಳಿಗೆ ಎಲ್ಲಿ ಹೋಗಬೇಕು ಎಂಬುದು ಗೊತ್ತಿರುತ್ತದೆ. ಅದಕ್ಕಾಗಿ ಹೆಡಿಂಗ್ ಪ್ರಶ್ನೆಯನ್ನು ಆ ಪಠ್ಯದಲ್ಲಿ ಮೊದಲು ಮಾಡಿ.

‘ಯಾವ ಪ್ಯಾರಾದಲ್ಲಿ ಈ ಮಾಹಿತಿ ಇದೆ’ ಎಂಬ ಬಗೆಯನ್ನು ಇದಕ್ಕೆ ತದ್ವಿರುದ್ಧವಾಗಿ, ಆ ಪಠ್ಯದ ಎಲ್ಲ ಪ್ರಶ್ನೆ ಮುಗಿದ ಮೇಲೆ ಮಾಡಬೇಕು. ಪ್ರಶ್ನೆಪತ್ರಿಕೆಯಲ್ಲಿ ಇದು ಮೊದಲೇ ಅಚ್ಚಾಗಿದ್ದರೂ ದಾಟಿ ಹೋಗಿ. ಹೊಂದಿಸುವ ಪ್ರಶ್ನೆಗಳ ನಾಲ್ಕು ಬಗೆಗಳಲ್ಲಿ ಇದೇ ಹೆಚ್ಚು ಕಷ್ಟದ್ದು, ಏಕೆಂದರೆ ಉತ್ತರಗಳು ಪಠ್ಯದ ಕ್ರಮದಲ್ಲಿ ಇರುವುದಿಲ್ಲ. ಒಂದು ಪ್ಯಾರಾದಲ್ಲಿ ಎರಡು ಉತ್ತರ ಇರಬಹುದು, ಇನ್ನೊಂದರಲ್ಲಿ ಒಂದೂ ಇಲ್ಲದಿರಬಹುದು. ಸೂಚನೆಯ ಕೆಳಗೆ ‘ಎನ್‌ಬಿ’ ಎಂಬ ಎರಡಕ್ಷರ ಇದೆಯೇ ನೋಡಿ. ಒಂದು ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಸಲ ಬಳಸಬಹುದು ಎಂಬ ಮಾತು ಅದರ ಪಕ್ಕದಲ್ಲಿರುತ್ತದೆ. ಇದನ್ನು ಓದದೆ, ಒಮ್ಮೆ ಬಳಸಿದ ಬಿಯನ್ನು ಪಟ್ಟಿಯಿಂದ ಹೊಡೆದುಹಾಕಿ, ಮತ್ತೆ ಬಿ ಉತ್ತರವಾಗಿದ್ದಾಗ ತಪ್ಪಿದವರ ಉತ್ತರಪತ್ರಿಕೆಗಳು ಅನೇಕ.

ಇಲ್ಲಿ ಪ್ರತಿ ಪ್ರಶ್ನೆಗೂ ಎರಡು ಭಾಗವಿರುತ್ತದೆ. ಮೊದಲ ಭಾಗ ಮಾಹಿತಿಯ ಬಗೆ: ಒಂದು ಉದಾಹರಣೆ, ಒಂದು ಹೋಲಿಕೆ, ಒಂದು ಕಾರಣ, ಒಂದು ಪ್ರಕ್ರಿಯೆಯ ವಿವರಣೆ, ಒಂದು ಉಲ್ಲೇಖ. ಎರಡನೆಯದು ವಿಷಯ. ಎರಡೂ ಒಂದೇ ಪ್ಯಾರಾದಲ್ಲಿ ಸಿಕ್ಕಬೇಕು. ನೀವು ವಿಷಯವನ್ನಷ್ಟೇ ನೋಡುತ್ತಿದ್ದೀರಿ ಎಂದು ನನ್ನ ಊಹೆ. ವಿಷಯ ಮೂರು ಪ್ಯಾರಾಗಳಲ್ಲಿ ಬಂದಿರುತ್ತದೆ, ಹೋಲಿಕೆ ಇರುವುದು ಒಂದರಲ್ಲಿ ಮಾತ್ರ. ಹೋಲಿಕೆ ಬೇಕಾದರೆ ದ್ಯಾನ್, ವೇರಾಸ್, ಅನ್‌ಲೈಕ್, ಟ್ವೈಸ್ ಆಸ್ ಇರುವ ಸಾಲುಗಳತ್ತ ಕಣ್ಣು ಹೋಗಲಿ. ಕಾರಣ ಬೇಕಾದರೆ ಬಿಕಾಸ್, ಓಯಿಂಗ್ ಟು, ಸಿನ್ಸ್. ಉದಾಹರಣೆಗೆ ಸಚ್ ಆಸ್, ಫಾರ್ ಇನ್‌ಸ್ಟನ್ಸ್. ಪ್ರಮಾಣ ಕೇಳಿದ್ದರೆ ಅಂಕಿಗಳು.

ಪಠ್ಯದ ಪದ ಪ್ರಶ್ನೆಯಲ್ಲಿ ಇರಲೇಬೇಕೆಂದಿಲ್ಲ. ಶರಾವತಿಯ ಬಗೆಗಿನ ಪಠ್ಯವೊಂದರಲ್ಲಿ ‘1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡು ನೀರು ನಿಂತಾಗ ಅದಕ್ಕೂ ಹಿಂದಿನ ಮಡೆನೂರು ಅಣೆಕಟ್ಟು ಜಲಾಶಯದೊಳಗೇ ಉಳಿಯಿತು, ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಜನ ಅದನ್ನು ನೋಡಲು ಹೋಗುತ್ತಾರೆ’ ಎಂದಿದೆ ಎಂದುಕೊಳ್ಳಿ. ಪ್ರಶ್ನೆ ಹೀಗಿರುತ್ತದೆ: ‘ಮರೆಯಾದ ರಚನೆಯೊಂದು ಮತ್ತೆ ಕಣ್ಣಿಗೆ ಬೀಳುವ ಸಂದರ್ಭದ ಉಲ್ಲೇಖ’. ಅಣೆಕಟ್ಟು, ಬೇಸಿಗೆ, ಮಳೆ ಒಂದೂ ಪ್ರಶ್ನೆಯಲ್ಲಿಲ್ಲ. ‘ಕಾಣುತ್ತದೆ’ ಎಂಬ ಮಾತು ಪಠ್ಯದಲ್ಲೂ ಇಲ್ಲ, ನೋಡಲು ಹೋಗುತ್ತಾರೆ ಎಂಬುದರಿಂದ ನೀವೇ ತಿಳಿಯಬೇಕು. ಜತೆಗೆ ಬೇರೆ ಪ್ಯಾರಾದಲ್ಲಿ ವಿದ್ಯುದಾಗಾರದ ‘ರಚನೆ’ಯ ಬಗ್ಗೆ ಒಂದು ಸಾಲು ಇಟ್ಟಿರುತ್ತಾರೆ, ಪದ ಹುಡುಕುವವರು ಅಲ್ಲಿ ಹೋಗಿ ನಿಲ್ಲಲಿ ಎಂದು. ಹಾಗಾಗಿ ಪ್ರತಿ ಪ್ರಶ್ನೆಯನ್ನೂ ಹುಡುಕಾಟಕ್ಕೆ ಮೊದಲು ನಿಮ್ಮ ಮಾತಿನಲ್ಲಿ ಮನಸ್ಸಿನೊಳಗೇ ಒಮ್ಮೆ ಹೇಳಿಕೊಳ್ಳಿ: ‘ಮುಳುಗಿದ್ದು ಮೇಲೆ ಬರುವುದು ಯಾವಾಗ?’ ಅರ್ಥ ಹೊತ್ತುಕೊಂಡು ಹೋದರೆ ಸಾಲು ಗುರುತು ಸಿಗುತ್ತದೆ.

ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ದಾಟಿದರೆ ಊಹೆಯ ಅಕ್ಷರವೊಂದನ್ನು ಬರೆದು ಮುಂದೆ ಹೋಗಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಖಾಲಿ ಬಿಟ್ಟ ಜಾಗಕ್ಕೆ ಸಿಗುವುದೂ ಏನಿಲ್ಲ.

ಉಳಿದೆರಡು ಬಗೆ ಇಷ್ಟು ಕಾಡುವುದಿಲ್ಲ. ಹೇಳಿಕೆಗಳನ್ನು ವ್ಯಕ್ತಿ, ಕಾಲ ಅಥವಾ ಸ್ಥಳಗಳಿಗೆ ಹೊಂದಿಸುವಾಗ ಹೇಳಿಕೆಯಿಂದ ಶುರುಮಾಡಬೇಡಿ, ಹೆಸರಿನಿಂದ ಶುರುಮಾಡಿ. ದೊಡ್ಡಕ್ಷರವಿರುವ ಹೆಸರು ಪುಟದಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಬಂದ ಕಡೆಯೆಲ್ಲ ಗುರುತು ಹಾಕಿ, ಆ ಹೆಸರಿನ ಹಿಂದೆ ಮುಂದೆ ಎರಡು ಮೂರು ವಾಕ್ಯ ಓದಿ, ಆಮೇಲೆ ಹೇಳಿಕೆಗಳ ಪಟ್ಟಿಗೆ ಹೋಗಿ. ಅಭಿಪ್ರಾಯ ಮೊದಲು ಬಂದು ಹೆಸರು ವಾಕ್ಯದ ಕೊನೆಗೆ ಬರುವುದುಂಟು. ಮುಂದಿನ ವಾಕ್ಯದಲ್ಲಿ ‘ಹೀ’, ‘ಹರ್ ಟೀಮ್’ ಎಂದಷ್ಟೇ ಇರುವುದೂ ಉಂಟು. ಒಬ್ಬರು ಇನ್ನೊಬ್ಬರ ಮಾತನ್ನು ಖಂಡಿಸಲೆಂದೇ ಉಲ್ಲೇಖಿಸುತ್ತಿದ್ದರೆ ಆ ಮಾತು ಯಾರದ್ದು ಎಂಬುದನ್ನು ಎರಡು ಸಲ ನೋಡಿ. ಇಲ್ಲೂ ಒಂದು ಹೆಸರು ಎರಡು ಸಲ ಬರಬಹುದು, ಬಾರದೆಯೂ ಇರಬಹುದು.

ವಾಕ್ಯದ ಕೊನೆ ಹೊಂದಿಸುವ ಬಗೆಯಲ್ಲಿ ಒಂದು ಅನುಕೂಲವಿದೆ: ಕೊಟ್ಟಿರುವ ಮೊದಲರ್ಧಗಳು ಪಠ್ಯದ ಕ್ರಮದಲ್ಲೇ ಇರುತ್ತವೆ. ಕೊನೆಗಳ ಪಟ್ಟಿಯನ್ನು ನೋಡದೆ ಮೊದಲರ್ಧ ಓದಿ, ಪಠ್ಯದಲ್ಲಿ ಜಾಗ ಹಿಡಿದು, ಅಲ್ಲಿ ಏನು ಹೇಳಿದೆ ಎಂದು ತಿಳಿದ ಮೇಲೆ ಪಟ್ಟಿಗೆ ಬನ್ನಿ. ವ್ಯಾಕರಣದಿಂದ ಒಂದೋ ಎರಡೋ ಕೊನೆಗಳನ್ನು ತಳ್ಳಿಹಾಕಬಹುದು, ಅಷ್ಟೇ. ನರ್ಸ್ ಆಗಿರುವ ನಿಮಗೆ ಒಂದು ಎಚ್ಚರಿಕೆ: ಆರೋಗ್ಯದ ಕುರಿತ ಪಠ್ಯ ಬಂದಾಗ, ವಾರ್ಡಿನಲ್ಲಿ ನಿಮಗೆ ನಿಜವೆಂದು ಗೊತ್ತಿರುವ ಕೊನೆಯೊಂದು ಪಟ್ಟಿಯಲ್ಲಿರುತ್ತದೆ. ಪಠ್ಯ ಅದನ್ನು ಹೇಳಿಲ್ಲದಿದ್ದರೆ ಅದು ಉತ್ತರವಲ್ಲ.

ಪದಪಟ್ಟಿಯ ವಿಚಾರ. ಮೂರು ಸಾವಿರ ಪದ ಎರಡು ತಿಂಗಳಲ್ಲಿ ತಲೆಗೆ ಹೋಗುವುದಿಲ್ಲ. ಹೋದರೂ ಈ ಪ್ರಶ್ನೆಗಳಿಗೆ ಆಗುವ ಉಪಯೋಗ ಕಡಿಮೆ. ಇಲ್ಲಿ ಬೇಕಾದದ್ದು ಜೋಡಿಗಳು: ಪಠ್ಯದಲ್ಲಿ ಹೀಗೆ ಹೇಳಿದ್ದನ್ನು ಪ್ರಶ್ನೆಯಲ್ಲಿ ಹೇಗೆ ಹೇಳಿದ್ದಾರೆ ಎಂಬುದು. ಒಂದು ಪಠ್ಯ ಮುಗಿದ ಮೇಲೆ ಪ್ರತಿ ಸರಿಯುತ್ತರಕ್ಕೂ ಆಧಾರವಾದ ಸಾಲನ್ನು ಹುಡುಕಿ, ಪಠ್ಯದ ತುಂಡು ಒಂದು ಕಡೆ, ಪ್ರಶ್ನೆಯ ತುಂಡು ಎದುರಿಗೆ ಬರೆಯಿರಿ. ಒಂದು ಪಠ್ಯದಿಂದ ಎಂಟು ಹತ್ತು ಜೋಡಿ ಸಿಕ್ಕರೆ ಸಾಕು. ಪಟ್ಟಿ ಕೊಟ್ಟವರ ಮನಸ್ಸಿಗೆ ನೋವಾಗುವುದು ಬೇಡ, ಬಸ್ಸಿನಲ್ಲಿ ತಿರುವಿಹಾಕಿ. ಮೇಜಿನ ಮುಂದೆ ಕೂರುವ ಸಮಯವನ್ನು ಅದಕ್ಕೆ ಕೊಡಬೇಡಿ.

ಎಂಟು ವಾರವನ್ನು ಹೀಗೆ ಬಳಸಬಹುದು. ಮೊದಲ ಎರಡು ವಾರ ಗಡಿಯಾರ ಮುಟ್ಟಬೇಡಿ. ದಿನಕ್ಕೆ ಒಂದು ಪಠ್ಯ, ಪ್ರತಿ ಪ್ಯಾರಾಕ್ಕೂ ಕನ್ನಡದಲ್ಲಿ ಒಂದು ಸಾಲು, ಆಮೇಲೆ ಹೆಡಿಂಗ್. ಮೊದಲ ಮೂರು ದಿನ ಕನ್ನಡ ಪತ್ರಿಕೆಯ ಸಂಪಾದಕೀಯದ ಮೇಲೇ ಇದನ್ನು ಮಾಡಿ ನೋಡಿ. ಸಾರ ಹಿಡಿಯುವುದು ಕನ್ನಡದಲ್ಲೂ ತಪ್ಪುತ್ತಿದ್ದರೆ ತೊಂದರೆ ಭಾಷೆಯದ್ದಲ್ಲ, ಓದುವ ಕ್ರಮದ್ದು ಎಂಬುದು ಅಲ್ಲೇ ತಿಳಿಯುತ್ತದೆ, ಮತ್ತು ಅದನ್ನು ಕನ್ನಡದಲ್ಲಿ ತಿದ್ದಿಕೊಳ್ಳುವುದು ಸುಲಭ. ರಾತ್ರಿ ಡ್ಯೂಟಿ ಮುಗಿಸಿ ಬಂದ ದಿನ ಹೊಸ ಪಠ್ಯ ತೆಗೆಯಬೇಡಿ, ಹಳೆಯ ತಪ್ಪುಗಳನ್ನು ನೋಡಿ. ನಿದ್ದೆಗಣ್ಣಿನಲ್ಲಿ ಬಂದ ಅಂಕ ನಿಮ್ಮ ಬಗ್ಗೆ ಸುಳ್ಳು ಹೇಳುತ್ತದೆ.

ಮೂರರಿಂದ ಐದನೇ ವಾರ ಒಂದೊಂದೇ ಬಗೆಯನ್ನು ತೆಗೆದುಕೊಂಡು ಅದರ ಪ್ರಶ್ನೆಗಳನ್ನಷ್ಟೇ ಮಾಡಿ, ಹೆಚ್ಚು ದಿನ ಹೆಡಿಂಗ್ ಮತ್ತು ಪ್ಯಾರಾ ಹುಡುಕುವುದಕ್ಕೆ ಇರಲಿ. ತಪ್ಪಿನ ಪುಸ್ತಕ ಈಗ ಶುರುವಾಗಬೇಕು. ನಾಲ್ಕು ಅಂಕಣ ಸಾಕು: ನಾನು ಬರೆದದ್ದು, ಸರಿಯುತ್ತರ, ಅದನ್ನು ಸಾಬೀತು ಮಾಡುವ ಸಾಲು, ನಾನು ತಪ್ಪಿದ್ದು ಯಾಕೆ. ಕೊನೆಯ ಅಂಕಣದಲ್ಲಿ ‘ಗಮನ ಕೊಡಲಿಲ್ಲ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಪದ ನೋಡಿ ಮೋಸಹೋದೆ, ಭಾಗವನ್ನು ಇಡೀ ಎಂದುಕೊಂಡೆ, ಸಾಲು ಸಿಗಲೇ ಇಲ್ಲ, ಸಾಲು ಸಿಕ್ಕಿತು ಅರ್ಥವಾಗಲಿಲ್ಲ, ಬರೆಯುವಾಗ ಅದಲುಬದಲಾಯಿತು, ಹೀಗೆ ಸ್ಪಷ್ಟವಾಗಿರಲಿ. ಸಾಲು ಸಿಗದಿದ್ದವರಿಗೆ ಬೇಕಾದದ್ದು ಅಂಚಿನ ಟಿಪ್ಪಣಿ. ಅರ್ಥವಾಗದಿದ್ದವರು ಉದ್ದ ವಾಕ್ಯಗಳನ್ನು ಬಿಡಿಸುವ ಅಭ್ಯಾಸ ಮಾಡಬೇಕು. ಅದಲುಬದಲು ಎಂಬುದು ಸಣ್ಣದೆನಿಸಿದರೂ ರೋಮನ್ ಅಂಕಿಯ ನಾಲ್ಕು ಮತ್ತು ಆರು ಅವಸರದಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುವುದು ಬಹಳ ಸಾಮಾನ್ಯ. ಹೆಡಿಂಗ್‌ನ ಮಾತನ್ನು ಬರೆಯಬೇಡಿ, ಅದರ ಅಂಕಿಯನ್ನಷ್ಟೇ ಬರೆಯಿರಿ.

ಆರನೇ ವಾರದಿಂದ ಗಡಿಯಾರ. ಮೂರು ಪಠ್ಯ, 40 ಪ್ರಶ್ನೆ, 60 ನಿಮಿಷ. ಉತ್ತರ ತುಂಬಲು ಬೇರೆ ಸಮಯವಿಲ್ಲ. ತಲಾ 20 ನಿಮಿಷ ಎಂದು ಹಂಚುವುದಕ್ಕಿಂತ 17, 20, 23 ಎಂದು ಹಂಚಿಕೊಳ್ಳಿ, ಪಠ್ಯಗಳು ಮುಂದಕ್ಕೆ ಹೋದಂತೆ ಕಷ್ಟವಾಗುತ್ತವೆ. ವಾರಕ್ಕೆ ಎರಡು ಪೂರ್ಣ ಪತ್ರಿಕೆಗಿಂತ ಹೆಚ್ಚು ಬೇಡ. ಪತ್ರಿಕೆಗೆ ಒಂದು ಗಂಟೆ, ತಪ್ಪುಗಳನ್ನು ಬಿಡಿಸಿ ನೋಡಲು ಎರಡು ಗಂಟೆ. ದಿನಕ್ಕೊಂದು ಪತ್ರಿಕೆ ಬರೆದು ಅಂಕ ಎಣಿಸಿ ಮುಚ್ಚಿಡುವವರ ಅಂಕ ಅಲ್ಲೇ ನಿಲ್ಲುತ್ತದೆ, ಏಕೆಂದರೆ ಪ್ರತಿದಿನ ಅದೇ ತಪ್ಪನ್ನು ಇನ್ನಷ್ಟು ರೂಢಿ ಮಾಡಿಕೊಳ್ಳುತ್ತಿರುತ್ತಾರೆ.

ಸಾಮಗ್ರಿಯ ಆಯ್ಕೆಯಲ್ಲಿ ಜಿಪುಣತನ ಬೇಡ. ಹೊಂದಿಸುವ ಪ್ರಶ್ನೆ ಬರೆಯುವುದು ಕಷ್ಟದ ಕೆಲಸ. ಅಲ್ಲಿ ಇಲ್ಲಿ ಜೆರಾಕ್ಸ್ ಆಗಿ ಓಡಾಡುವ ಸಂಗ್ರಹಗಳಲ್ಲಿ ಒಂದು ಪ್ಯಾರಾಕ್ಕೆ ಎರಡು ಹೆಡಿಂಗ್ ಸಮನಾಗಿ ಹೊಂದುತ್ತವೆ, ಉತ್ತರಪಟ್ಟಿಯೂ ತಪ್ಪಿರುತ್ತದೆ. ಅಂಥದ್ದರಲ್ಲಿ ಅಭ್ಯಾಸ ಮಾಡಿದರೆ ಸರಿಯಾದ ನಿಮ್ಮ ತರ್ಕವನ್ನೇ ನೀವು ಅನುಮಾನಿಸಲು ಕಲಿಯುತ್ತೀರಿ. ಕೇಂಬ್ರಿಜ್ ಪ್ರಕಟಿಸುವ ಪ್ರಶ್ನೆಪತ್ರಿಕೆಗಳು ಮತ್ತು ಐಇಎಲ್‌ಟಿಎಸ್‌ನ ಅಧಿಕೃತ ಜಾಲತಾಣದ ಉಚಿತ ಮಾದರಿಗಳನ್ನು ಮಾತ್ರ ಬಳಸಿ. ಶಿವಮೊಗ್ಗದಲ್ಲಿರುವಾಗಲೇ ಇಳಿಸಿಕೊಂಡು ಪ್ರಿಂಟ್ ತೆಗೆದಿಟ್ಟರೆ ಊರಿನಲ್ಲಿ ಕರೆಂಟು ಹೋದರೂ ಓದು ನಿಲ್ಲುವುದಿಲ್ಲ. ನಾಲ್ಕು ಪೂರ್ಣ ಪತ್ರಿಕೆಗಳನ್ನು ಮುಟ್ಟದೆ ಕೊನೆಯ ಎರಡು ವಾರಕ್ಕೆ ಎತ್ತಿಡಿ.

ಬುಕ್ ಮಾಡುವಾಗ ಕಂಪ್ಯೂಟರ್ ಮಾದರಿ ಆರಿಸಿದರೆ ಅಥವಾ ಅದೇ ಸಿಕ್ಕರೆ, ಒಂದಿಷ್ಟು ಅಭ್ಯಾಸ ಪರದೆಯ ಮೇಲೂ ಆಗಬೇಕು. ಎಡಗಡೆ ಪಠ್ಯ, ಬಲಗಡೆ ಪ್ರಶ್ನೆ. ಹೆಡಿಂಗ್‌ಗಳನ್ನು ಮೌಸ್‌ನಿಂದ ಎಳೆದು ಪ್ಯಾರಾದ ಮೇಲೆ ಇಡಬೇಕು. ಅನುಕೂಲವೆಂದರೆ ಬದಲಾಯಿಸುವುದು ಸುಲಭ, ರೋಮನ್ ಅಂಕಿ ಬರೆಯುವ ತಪ್ಪೂ ಇಲ್ಲ. ತೊಂದರೆಯೆಂದರೆ ಪಠ್ಯವನ್ನು ಸರಿಸುತ್ತ ಹೋಗುವಾಗ ಯಾವ ಪ್ಯಾರಾ ಎಲ್ಲಿತ್ತು ಎಂಬ ಪುಟದ ನೆನಪು ಉಳಿಯುವುದಿಲ್ಲ. ಸಾಲಿಗೆ ಬಣ್ಣ ಹಚ್ಚುವ, ಟಿಪ್ಪಣಿ ಹಾಕುವ ಸೌಲಭ್ಯ ಇದೆ. ಕೈಗೆ ರೂಢಿಯಾಗಿರದಿದ್ದರೆ ಪರೀಕ್ಷೆಯ ದಿನ ಅದನ್ನು ಬಳಸುವ ಧೈರ್ಯ ಬರುವುದಿಲ್ಲ. ಪ್ಯಾರಾಕ್ಕೆ ಒಂದೇ ಸಾಲು, ತಿರುವಿನ ಸಾಲು, ಅದಕ್ಕೆ ಮಾತ್ರ ಬಣ್ಣ ಹಚ್ಚಿ.

ಒಇಟಿ ಬಗ್ಗೆ. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಐಇಎಲ್‌ಟಿಎಸ್ ಅಕಾಡೆಮಿಕ್‌ನ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್‌ಗಳಲ್ಲಿ 7, ರೈಟಿಂಗ್‌ನಲ್ಲಿ 6.5 ಕೇಳುತ್ತದೆ. ಒಇಟಿಯನ್ನೂ ಒಪ್ಪುತ್ತದೆ. ಅಲ್ಲಿಯ ವಿಷಯವೆಲ್ಲ ಆರೋಗ್ಯಕ್ಕೆ ಸಂಬಂಧಿಸಿದ್ದು, ನಿಮಗೆ ಹತ್ತಿರದ್ದು; ಶುಲ್ಕ ಮಾತ್ರ ಐಇಎಲ್‌ಟಿಎಸ್‌ಗಿಂತ ಹೆಚ್ಚು. ಆದರೆ ಹೊಂದಿಸುವುದು ತಪ್ಪುತ್ತದೆ ಎಂದು ಅಲ್ಲಿಗೆ ಹೋಗಬೇಡಿ. ಒಇಟಿ ರೀಡಿಂಗ್‌ನ ಮೊದಲ ಭಾಗದಲ್ಲಿ ನಾಲ್ಕು ಸಣ್ಣ ಪಠ್ಯ, 20 ಪ್ರಶ್ನೆ, 15 ನಿಮಿಷ, ಮತ್ತು ಅದು ಶುರುವಾಗುವುದೇ ಯಾವ ಪಠ್ಯದಲ್ಲಿ ಈ ಮಾಹಿತಿ ಇದೆ ಎಂಬ ಪ್ರಶ್ನೆಗಳಿಂದ. ರೈಟಿಂಗ್, ಸ್ಪೀಕಿಂಗ್‌ನಲ್ಲೂ ನಿಮಗೆ ತೊಡಕಿದ್ದರೆ ಬದಲಾಯಿಸುವ ಯೋಚನೆ ಮಾಡಬಹುದು. ಕೊರತೆ ರೀಡಿಂಗ್ ಒಂದರಲ್ಲೇ ಆಗಿದ್ದರೆ ಹೊಸ ಪರೀಕ್ಷೆಯ ನಾಲ್ಕೂ ಭಾಗಗಳನ್ನು ಮೊದಲಿನಿಂದ ಕಲಿಯುವುದು ನಷ್ಟದ ವ್ಯಾಪಾರ.

ದಿನಾಂಕ ಈಗಲೇ ಗೊತ್ತುಮಾಡಬೇಡಿ. ಆರನೇ ವಾರದ ಕೊನೆಗೆ, ಹಿಂದೆ ನೋಡಿರದ ಎರಡು ಪತ್ರಿಕೆಗಳಲ್ಲಿ ಹೊಂದಿಸುವ ಪ್ರಶ್ನೆಗಳು 12ಕ್ಕೆ 8ರ ಮೇಲೆ ಬಂದರೆ ಎಂಟನೇ ವಾರದ ನಂತರದ ದಿನ ಹಿಡಿಯಿರಿ. 6ರಲ್ಲೇ ಇದ್ದರೆ ಮೂರು ವಾರ ಮುಂದೂಡಿ, ಮತ್ತು ಆ ಮೂರು ವಾರವನ್ನು ಪೂರ್ತಿ ಅಂಚಿನ ಟಿಪ್ಪಣಿಗೆ ಕೊಡಿ.